ಐಸ್ ತುಂಡುಗಳಲ್ಲ, ಮಂಜುಗಡ್ಡೆಯ ಬಳೆ

ಐವತ್ತರ ದಶಕದ ಅಮೆರಿಕದ ಔತಣಕೂಟಗಳಲ್ಲಿ ಮೆರೆದ ತಿಳಿಹಸಿರು ಪಂಚ್ ಎಂಬ ಮಿಶ್ರ ಪಾನೀಯವನ್ನು ಮಾಡುವ ಬಗೆಯನ್ನು ನಾನು ಓದಿದ ಲೇಖನವೊಂದು ಸೊಗಸಾಗಿ ವಿವರಿಸಿದೆಯಾದರೂ, ಅನಾನಸ್ ರಸ, ಜಿಂಜರ್ ಏಲ್ (ಶುಂಠಿ ರುಚಿಯ, ಮದ್ಯವಿಲ್ಲದ ಗುಳ್ಳೆಪಾನೀಯ) ಮತ್ತು ನಿಂಬೆಯ ಶರ್ಬೆಟ್‌ಗಳನ್ನು ಮೊದಲೇ ಬೆರೆಸಿ, ಐಸ್ ತುಂಡುಗಳನ್ನು ಹಾಕಿಡಬೇಕೆಂಬ ಸಲಹೆಯನ್ನು ನಾನು ಒಪ್ಪಲಾರೆ. ಸಣ್ಣ ತುಂಡುಗಳು ಬೇಗನೆ ಕರಗುವುದರಿಂದ, ಅತಿಥಿಗಳು ಎರಡನೆಯ ಲೋಟಕ್ಕೆ ಬರುವಷ್ಟರಲ್ಲಿ ಪಾನೀಯ ನೀರುನೀರಾಗಿರುತ್ತದೆ. ಆ ಕಾಲದ ಗೃಹಿಣಿಯರು ನಡುವೆ ತೂತಿರುವ ಕೇಕ್ ಅಚ್ಚಿನಲ್ಲಿ ಹಣ್ಣಿನ ಹೋಳುಗಳನ್ನು ಜೋಡಿಸಿ, ನೀರು ತುಂಬಿ, ಬಳೆಯಾಕಾರದ ಮಂಜುಗಡ್ಡೆಯನ್ನು ಮಾಡಿಕೊಳ್ಳುತ್ತಿದ್ದುದು ಕೇವಲ ಅಂದಕ್ಕಾಗಿ ಅಲ್ಲ; ಗಾತ್ರಕ್ಕೆ ಹೋಲಿಸಿದರೆ ಹೊರಮೈ ಕಡಿಮೆಯಿರುವ ದೊಡ್ಡ ಗಡ್ಡೆ ನಿಧಾನವಾಗಿ ಕರಗುತ್ತದೆ. ನೀರಿನ ಬದಲು ಅನಾನಸ್ ರಸವನ್ನೇ ಹೆಪ್ಪುಗಟ್ಟಿಸಿದರೆ ಕರಗಿದರೂ ರುಚಿ ಕೆಡದು.

ಇಲ್ಲಿ ಶರ್ಬೆಟ್ ಎಂದರೆ ನಮ್ಮ ಶರಬತ್ತಲ್ಲ, ತುಸು ಹಾಲು ಸೇರಿಸಿ ಹೆಪ್ಪುಗಟ್ಟಿಸಿದ ಹಣ್ಣಿನ ತಿನಿಸು ಎಂಬುದನ್ನು ಲೇಖನ ತಿಳಿಸಬೇಕಿತ್ತು. ಅದನ್ನು ಉಂಡೆಗಳಾಗಿ ತೇಲಿಬಿಟ್ಟ ಮೇಲೆ, ಚೆನ್ನಾಗಿ ತಣ್ಣಗಾದ ಜಿಂಜರ್ ಏಲ್ ಅನ್ನು ಬಟ್ಟಲಿನ ಅಂಚಿನಿಂದ ನಿಧಾನವಾಗಿ, ಅತಿಥಿಗಳು ಬಂದ ನಂತರವೇ ಸುರಿಯಬೇಕು. ಮೊದಲೇ ಸುರಿದರೆ ಗುಳ್ಳೆಗಳೂ ನೊರೆಯೂ ಅಡುಗೆಮನೆಯಲ್ಲೇ ಮುಗಿದುಹೋಗುತ್ತವೆ.

ಪಂಚ್ ಎಂಬ ಹೆಸರು ಐದು ಎಂಬರ್ಥದ ನಮ್ಮ ‘ಪಂಚ’ದಿಂದ ಬಂದಿದೆಯೆಂದು ಹಲವರು ಹೇಳುವುದುಂಟು, ಮದ್ಯ, ಸಕ್ಕರೆ, ನಿಂಬೆ, ನೀರು, ಮಸಾಲೆ ಎಂಬುದು ಆ ಹಳೆಯ ಲೆಕ್ಕ. ಈ ಹಸಿರು ಪಂಚ್‌ಗೆ ಆ ಲೆಕ್ಕ ಹೊಂದದಿದ್ದರೂ, ಇದರಲ್ಲಿ ಮದ್ಯವಿಲ್ಲದ ಕಾರಣ ಮಕ್ಕಳಿರುವ ಕೂಟಕ್ಕೆ ನಾನು ಇದನ್ನೇ ಆರಿಸುವೆ.