ಮಗುವನ್ನ ಬಿಟ್ಟು ಹೋಗೋದು ಯಾರ ಹತ್ರ?

'ದಿನಸಿ ತರೋಕೆ ಹೋಗುವಾಗ ಮಗುವನ್ನ ಮನೇಲೇ ಬಿಡಿ, ಖರ್ಚು ತಾನಾಗೇ ಇಳಿಯುತ್ತೆ' ಅಂತ ದಿನಸಿ ಖರ್ಚು ಉಳಿಸೋ ಬಗ್ಗೆ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅತ್ತೆ ಊರಲ್ಲಿ, ಗಂಡ ಶಿಫ್ಟ್‌ನಲ್ಲಿ. ಯಾರ ಹತ್ರ ಬಿಡೋಣ ಸ್ವಾಮಿ? ನಾನಂತೂ ಟ್ರಾಲಿಯಲ್ಲಿ ಕೂರಿಸಿದ ಕೂಡಲೇ ಮಗಳ ಕೈಗೆ ಮನೆಯಿಂದ ತಂದ ಏಲಕ್ಕಿ ಬಾಳೆಹಣ್ಣು ಕೊಡ್ತೀನಿ. ಅದು ಮುಗಿಯೋದ್ರೊಳಗೆ ಬೇಳೆ, ಎಣ್ಣೆ, ರವೆ ಆಗಿರಬೇಕು. ಬಿಲ್ಲಿಂಗ್ ಕೌಂಟರ್ ಹತ್ರ ಸರಿಯಾಗಿ ಮಕ್ಕಳ ಕೈಗೆಟುಕೋ ಎತ್ತರದಲ್ಲೇ ಚಾಕೊಲೇಟ್ ಜೋಡಿಸ್ತಾರಲ್ಲ, ಅವರಿಗೆ ಮಕ್ಕಳಿಲ್ಲವೇನೋ!

ದೊಡ್ಡ ಪ್ಯಾಕೆಟ್ ಯಾವಾಗಲೂ ಅಗ್ಗ ಅನ್ನೋದನ್ನೂ ಒಪ್ಪಲ್ಲ. ಎಂಆರ್‌ಪಿ ಪಕ್ಕದಲ್ಲಿ ಈಗ ಗ್ರಾಂಗೆ ಎಷ್ಟು ಅಂತ ಸಣ್ಣಕ್ಷರದಲ್ಲಿ ಹಾಕಿರ್ತಾರೆ, ಒಂದು ಕೆಜಿ ದಾಟಿದ್ರೆ ಕೆಜಿ ಲೆಕ್ಕ. 200 ಗ್ರಾಂಗೆ 60 ರೂಪಾಯಿ ಇದ್ದು, 500 ಗ್ರಾಂಗೆ 160 ಇದ್ರೆ, ಚಿಕ್ಕದೇ ಲಾಭ.

ಇನ್ನು ಮಗುವಿಗೆ ಆ ಡಬ್ಬಿ ಸೀರಿಯಲ್ ಯಾಕೆ ಬೇಕು? ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಮಿಲ್ಲಿಗೆ ಕೊಟ್ಟು, ತೆಳು ಬಟ್ಟೆಯಲ್ಲಿ ಸೋಸಿದ್ರೆ ರಾಗಿ ಸರಿ ಹಿಟ್ಟು ರೆಡಿ. ಸೋಸೋದೇ ಬೇಜಾರಿನ ಕೆಲಸ, ಅಮ್ಮ ಬಂದಾಗ ಅವರಿಗೇ ಕೊಟ್ಟುಬಿಡ್ತೀನಿ. ಸೊಪ್ಪು ಮಾತ್ರ ಗಾಡಿಯಜ್ಜಿ ಹತ್ರಾನೇ. ಕರಿಬೇವು ಕೊಸರು, ಮಗಳಿಗೊಂದು ಕ್ಯಾರೆಟ್ಟೂ ಸಿಗುತ್ತೆ.