ಮುಟ್ಟಬಾರದ ಕಲ್ಲು, ಮುಟ್ಟಲೆಂದೇ ಬಿಟ್ಟ ಕಲ್ಲು

ಊರಿಂದ ಅಪ್ಪ ಅಮ್ಮ ಬಂದರೆಂದರೆ ಅಮೆರಿಕದ ಈ ಭಾಗದ ಕನ್ನಡಿಗರ ಮನೆಗಳಲ್ಲಿ ನಯಾಗರಾ, ನ್ಯೂಯಾರ್ಕ್ ಅಂತ ಪಟ್ಟಿ ಸಿದ್ಧವಾಗುತ್ತದೆ. ಕನೆಕ್ಟಿಕಟ್‌ನ ರಾಕಿ ಹಿಲ್ ಊರಿನ ಡೈನೋಸಾರ್ ಸ್ಟೇಟ್ ಪಾರ್ಕ್ ಅದರಲ್ಲಿ ಇರುವುದು ಕಡಿಮೆ. ಇರಬೇಕು ಅನ್ನುವುದು ನನ್ನ ವಾದ. ಹಳೆಯ ಕಲ್ಲನ್ನು ಜನರ ಕೈಗೆ ಎಷ್ಟು ಕೊಡಬೇಕು, ಎಷ್ಟು ಮುಚ್ಚಿಡಬೇಕು ಎಂಬ ಲೆಕ್ಕವನ್ನು ಅಲ್ಲಿ ಚೆನ್ನಾಗಿ ಹಾಕಿದ್ದಾರೆ.

1966ರ ಆಗಸ್ಟ್‌ನಲ್ಲಿ ಅಲ್ಲಿ ಸರ್ಕಾರಿ ಕಟ್ಟಡವೊಂದಕ್ಕೆ ನೆಲ ಅಗೆಯುವಾಗ ಬುಲ್ಡೋಜರ್ ಚಾಲಕನ ಕಣ್ಣಿಗೆ ಡೈನೋಸಾರ್‌ಗಳ ಮೂರು ಬೆರಳಿನ ಹೆಜ್ಜೆಗುರುತುಗಳು ಬಿದ್ದವು. ಅಗೆದಂತೆಲ್ಲ ಸುಮಾರು 2000 ಸಿಕ್ಕವು. ಸುಮಾರು 500 ಗುರುತುಗಳ ಮೇಲೆ ಗುಮ್ಮಟ ಕಟ್ಟಿ, ಉಳಿದ 1500ರಷ್ಟನ್ನು ಮತ್ತೆ ಮಣ್ಣು ಮುಚ್ಚಿ ಹೂತಿಟ್ಟರು. ಸಿಕ್ಕಿದ್ದನ್ನೆಲ್ಲ ತೋರಿಸಬೇಕೆಂಬ ಹಟ ಮಾಡಲಿಲ್ಲ. ಇದು ಪದರಪದರವಾದ ಕಲ್ಲು. ಚಳಿಗಾಲದಲ್ಲಿ ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಗುರುತು ಹಪ್ಪಳದಂತೆ ಎದ್ದು ಹೋಗುತ್ತದೆ. ಮಣ್ಣಿನಡಿಯೇ ಅದಕ್ಕೆ ಕ್ಷೇಮ.

ಇನ್ನು ಕೈಗೆ ಕೊಟ್ಟ ಭಾಗ. ಗುಮ್ಮಟದ ಹೊರಗೆ ಅಚ್ಚು ತೆಗೆಯಲೆಂದೇ ಬಿಟ್ಟ ಗುರುತುಗಳಿವೆ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಯಾರು ಬೇಕಾದರೂ ಪ್ಲಾಸ್ಟರ್ ಸುರಿದು ಅಚ್ಚು ತೆಗೆದು ಮನೆಗೆ ಒಯ್ಯಬಹುದು. ಸಾಮಾನು ನಾವೇ ತರಬೇಕು: 10 ಪೌಂಡ್, ಅಂದರೆ ನಾಲ್ಕೂವರೆ ಕಿಲೋ ಪ್ಲಾಸ್ಟರ್ ಆಫ್ ಪ್ಯಾರಿಸ್, ಕಾಲು ಕಪ್ ಅಡುಗೆ ಎಣ್ಣೆ, 5 ಗ್ಯಾಲನ್ನಿನ ಬಕೆಟ್, ಹಳೆ ಬಟ್ಟೆ, ಪೇಪರ್ ಟವೆಲ್. ಕಲಕಲು ಒಂದು ಕೋಲೂ ಇರಲಿ.

ಮೊದಲು ಗುರುತಿನೊಳಗಿನ ಎಲೆ, ಮರಳು ಗುಡಿಸಿ ನೀರು ಒರೆಸಬೇಕು. ಆಮೇಲೆ ಎಣ್ಣೆ. ಬೆರಳಿನ ತುದಿ, ಉಗುರಿನ ಗುಳಿ ಎಲ್ಲವಕ್ಕೂ ತೆಳ್ಳಗೆ ತಾಗಬೇಕು. ತಾಗದ ಕಡೆ ಪ್ಲಾಸ್ಟರ್ ಕಲ್ಲಿಗೆ ಕಚ್ಚಿಕೊಂಡು ಎತ್ತುವಾಗ ಮುರಿಯುತ್ತದೆ. ಎಣ್ಣೆ ಮಡುಗಟ್ಟಿದರೆ ಆ ಜಾಗದ ವಿವರ ಅಳಿಸುತ್ತದೆ. ಸುತ್ತ ಬಳೆಯಂಥ ಚೌಕಟ್ಟು ಇಟ್ಟು, ಅದರ ಬುಡದ ಸಂದಿಗೆ ಬಟ್ಟೆ ತುರುಕಬೇಕು. ಪ್ಲಾಸ್ಟರ್ ಸೋರಿಹೋಗುವುದು ಅಲ್ಲೇ. ಕಲಸುವಾಗ ಬಕೆಟ್ಟಿಗೆ ನೀರು ಮೊದಲು, ಪುಡಿ ಆಮೇಲೆ; ಅಳತೆಯಲ್ಲಿ ಎರಡು ಪಾಲು ಪುಡಿಗೆ ಒಂದು ಪಾಲು ನೀರು. ಪುಡಿಯ ಮೇಲೆ ನೀರು ಹೊಯ್ದರೆ ಗಂಟು ನಿಲ್ಲುತ್ತದೆ. ತುಂಬ ಕಲಕಿದರೆ ಸುರಿಯುವ ಮೊದಲೇ ಗಟ್ಟಿಯಾಗುತ್ತದೆ. ನೀರು ಹೆಚ್ಚಾದರೆ ಅಚ್ಚು ಪುಡಿಪುಡಿಯಾಗುತ್ತದೆ.

ಒಂದು ಗಂಟೆ ಬಿಡಿ. ಗಟ್ಟಿಯಾಗುವಾಗ ಪ್ಲಾಸ್ಟರ್ ಬಿಸಿಯಾಗುತ್ತದೆ. ಮಕ್ಕಳು ಮೇಲಿಂದ ಅಂಗೈ ಇಟ್ಟು ನೋಡಲಿ, ಆದರೆ ಒಳಗೆ ಕೈ ಹುದುಗಿಸಲು ಬಿಡಬೇಡಿ, ಸುಡುತ್ತದೆ. ಬಿಸಿ ಇಳಿದು ತಣ್ಣಗಾದ ಮೇಲೆ ಎತ್ತಿದರೆ ಗುಳಿಯಿದ್ದದ್ದು ಉಬ್ಬಾಗಿ, ಪ್ರಾಣಿಯ ಪಾದದ ಅಡಿಭಾಗವೇ ಬಂದಿರುತ್ತದೆ. ಬಕೆಟ್ಟಿನಲ್ಲಿ ಉಳಿದದ್ದನ್ನು ಸಿಂಕಿಗೆ ಸುರಿದರೆ ಪೈಪು ಕಟ್ಟುತ್ತದೆ. ಹಾಗೇ ಒಣಗಲು ಬಿಟ್ಟು ಬಕೆಟ್ ಅಮುಕಿದರೆ ತುಂಡಾಗಿ ಉದುರುತ್ತದೆ.

ಜೊತೆಗೆ ಒಂದು ಅಳತೆ ಟೇಪು ಒಯ್ಯಿರಿ. ಪಾದದ ಉದ್ದದ ಸುಮಾರು ನಾಲ್ಕು ಪಟ್ಟು ಸೊಂಟದ ಎತ್ತರ. 35 ಸೆಂಟಿಮೀಟರ್ ಗುರುತಿಗೆ 140 ಸೆಂಟಿಮೀಟರ್, ಅಂದರೆ ಹತ್ತು ವರ್ಷದ ಮಗುವಿನ ತಲೆ ಆ ಪ್ರಾಣಿಯ ಸೊಂಟಕ್ಕೆ. ಒಂದೇ ಕಾಲಿನ ಎರಡು ಗುರುತುಗಳ ನಡುವಿನ ದೂರ ಆ ಎತ್ತರದ ಎರಡು ಪಟ್ಟಿಗಿಂತ ಕಡಿಮೆಯಿದ್ದರೆ ಪ್ರಾಣಿ ನಡೆಯುತ್ತಿತ್ತು ಅಂತ. ಸುಮಾರು ಮೂರು ಪಟ್ಟು ಮುಟ್ಟಿದರೆ ಓಡುತ್ತಿತ್ತು. ಯಾವ ಪ್ರಾಣಿ ಎಂಬುದು ಮಾತ್ರ ಖಚಿತವಿಲ್ಲ. ಯೂಬ್ರಾಂಟಿಸ್ ಎಂಬುದು ಗುರುತಿಗೆ ಇಟ್ಟ ಹೆಸರು. ಡೈಲೋಫೋಸಾರಸ್‌ನಂಥ ಮಾಂಸಾಹಾರಿಯದು ಇರಬೇಕೆಂಬ ಊಹೆ ಇದೆ.

ಐ-91 ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ, ಮ್ಯಾಸಚೂಸೆಟ್ಸ್‌ನ ಹೋಲ್ಯೋಕ್‌ನಲ್ಲಿ ಕನೆಕ್ಟಿಕಟ್ ನದಿ ದಂಡೆಯ ಇಳಿಜಾರು ಬಂಡೆಯ ಮೇಲೆ ನೂರಕ್ಕೂ ಹೆಚ್ಚು ಗುರುತುಗಳು ಬಯಲಲ್ಲೇ ಇವೆ. ಬಹುಪಾಲು ಸಾಲುಗಳು ಒಂದೇ ದಿಕ್ಕಿಗೆ ಸಾಗಿವೆ. ಈ ಪ್ರಾಣಿಗಳು ಗುಂಪಾಗಿ ಓಡಾಡುತ್ತಿದ್ದವೇನೋ ಎಂದು ಪಳೆಯುಳಿಕೆ ತಜ್ಞ ಜಾನ್ ಆಸ್ಟ್ರಮ್ 1972ರಲ್ಲಿ ವಾದಿಸಿದ್ದು ಇವನ್ನು ನೋಡಿಯೇ. ಅಲ್ಲಿ ನೋಡುವುದಷ್ಟೇ, ಅಚ್ಚು ತೆಗೆಯುವಂತಿಲ್ಲ. ನಡುಮಧ್ಯಾಹ್ನ ಹೋದರೆ ಗುರುತು ಕಾಣಿಸುವುದೇ ಇಲ್ಲ. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಗುಳಿಯ ಅಂಚಿಗೆ ನೆರಳು ಬಿದ್ದಾಗ ಒಂದೊಂದೇ ಎದ್ದು ಕಾಣುತ್ತವೆ. ಈ ಕಣಿವೆಯಲ್ಲಿ ಇವನ್ನು ಮೊದಮೊದಲು ಕಂಡವರು ದುಡಿಯುವ ಜನವೇ. 1802ರಲ್ಲಿ ಹೊಲ ಉಳುತ್ತಿದ್ದ ಹುಡುಗ ಪ್ಲಿನಿ ಮೂಡಿ. 1835ರಲ್ಲಿ ಗ್ರೀನ್‌ಫೀಲ್ಡ್‌ನಲ್ಲಿ ಕಾಲುದಾರಿಗೆ ತಂದ ಕಲ್ಲುಚಪ್ಪಡಿಗಳ ಮೇಲೂ ಹೆಜ್ಜೆಗಳಿದ್ದವು.

ಕರ್ನಾಟಕದಲ್ಲಿ ಹೆಜ್ಜೆಗುರುತು ಸಿಕ್ಕೀತೆಂದು ಕಾಯಬೇಕಿಲ್ಲ. ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ, ಡೈನೋಸಾರ್‌ಗಳಿಗಿಂತ ಎಷ್ಟೋ ಹಿಂದಿನದು. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲು ಡೈನೋಸಾರ್ ಕಾಲದ್ದೇ, ಸುಮಾರು 8.8 ಕೋಟಿ ವರ್ಷದ್ದು. ಆದರೆ ಅದು ಲಾವಾ, ಹೆಜ್ಜೆ ಹಿಡಿಯಲು ಕೆಸರು ಬೇಕು. ನಮ್ಮ ಕಡೆ ಇರುವುದು ಬೇರೆಯೇ ಆಸ್ತಿ: ಚಿತ್ರದುರ್ಗದ ಮರಡಿಹಳ್ಳಿಯಲ್ಲಿ ನೀರಿನೊಳಗೆ ಉಕ್ಕಿ ದಿಂಬಿನಾಕಾರ ತಳೆದ ಲಾವಾ, ಬಾದಾಮಿಯ ಮರಳುಗಲ್ಲಿನಲ್ಲಿ ನೀರಿನ ಅಲೆ ಬಿಟ್ಟುಹೋದ ಗೆರೆಗಳು. ಇಂಥ ಕಡೆ ನಮ್ಮ ಪದ್ಧತಿ ಒಂದು ಫಲಕ, ಹೆಚ್ಚೆಂದರೆ ಒಂದು ಬೇಲಿ. ಮಗುವಿಗೆ ಮಾಡಲು ಏನೂ ಇರುವುದಿಲ್ಲ. ಕಲ್ಲಿನ ಮೇಲೆ ಹೆಸರು ಕೆತ್ತುವವರನ್ನು ನಾವು ಬೈಯುತ್ತೇವೆ. ಆ ಕೈಗೆ ಬೇರೆ ಕೆಲಸ ಕೊಟ್ಟಿದ್ದೇವೆಯೇ?

ರಾಕಿ ಹಿಲ್‌ನ ಕ್ರಮವನ್ನು ಹಾಗೇ ನಕಲು ಮಾಡಬೇಕೆಂದು ಹೇಳುತ್ತಿಲ್ಲ. ಬಾದಾಮಿಯ ಕಲ್ಲು ಎಣ್ಣೆ ಹೀರಿ ಕಲೆಯಾದೀತು. ಬದಲಿಗೆ ತಜ್ಞರಿಂದ ಒಮ್ಮೆ ಸಿಲಿಕೋನ್ ರಬ್ಬರಿನಲ್ಲಿ ಅಚ್ಚು ತೆಗೆಸಿ, ಅದರಿಂದ ಕಾಂಕ್ರೀಟಿನ ನಕಲು ಎರಕ ಹೊಯ್ದು, ಮೂಲ ಬಂಡೆಯಿಂದ ದೂರ, ನೀರಿನ ನಲ್ಲಿ ಇರುವ ಕಡೆ ಮಕ್ಕಳ ಸೊಂಟದೆತ್ತರದ ಕಟ್ಟೆಯ ಮೇಲೆ ಕೂರಿಸಿದರೆ ಸಾಕು. ಪ್ಲಾಸ್ಟರನ್ನು ಶಾಲೆಯವರೇ ತರಲಿ.