ಸೀರಿಯಲ್‌ಗಳ ಇರ್ಫಾನ್‌ರನ್ನು ಯಾಕೆ ಬಿಟ್ಟುಬಿಡುತ್ತೇವೆ?

ಇರ್ಫಾನ್ ಖಾನ್ ಬಗೆಗಿನ ಬರಹಗಳಲ್ಲಿ ಒಂದು ದೊಡ್ಡ ಜಿಗಿತ ಇರುತ್ತದೆ. 1987ರಲ್ಲಿ ರಾಷ್ಟ್ರೀಯ ನಾಟಕ ಶಾಲೆಯಿಂದ ಹೊರಬಂದರು, 2003ರಲ್ಲಿ ‘ಹಾಸಿಲ್’ ಸಿನಿಮಾ ಬಂತು. ನಡುವಿನ ಹದಿನಾರು ವರ್ಷಕ್ಕೆ ‘ಸೀರಿಯಲ್‌ಗಳಲ್ಲಿ ಕಾಲ ತಳ್ಳಿದರು’ ಎಂಬ ಒಂದೇ ಸಾಲು. ಇದು ಅನ್ಯಾಯ. ನಾವೆಲ್ಲ ಮೆಚ್ಚಿಕೊಂಡ ಆ ಅರ್ಧ ನುಂಗಿದ ಮಾತು, ತಡವಾಗಿ ಏಳುವ ಕಣ್ಣು ಹದಗೊಂಡಿದ್ದು ಆ ಸೆಟ್‌ಗಳಲ್ಲೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ರಂಗದಿಂದ ಬಂದ ನಟ ಕ್ಯಾಮೆರಾ ಮುಂದೆ ಮೊದಲು ಎಡವುವುದು ದನಿಯಲ್ಲಿ. ಕೊನೆಯ ಸಾಲಿನ ಪ್ರೇಕ್ಷಕರಿಗೆ ಮುಟ್ಟಲೆಂದು ಹೊಟ್ಟೆಯಿಂದ ಎತ್ತಿದ ದನಿ, ತಲೆಯ ಮೇಲೇ ತೂಗುವ ಮೈಕಿಗೆ ಕೂಗಾಟವಾಗಿ ಕೇಳುತ್ತದೆ. ಸರಿ, ಇಳಿಸೋಣ ಅಂದರೆ ದನಿಯ ಜೊತೆ ಒಳಗಿನ ಬಿಗಿಯೂ ಇಳಿದು ಮಾತು ಸಪ್ಪೆಯಾಗುತ್ತದೆ. ಉಸಿರಿನ ಬಲ ಹಾಗೇ ಇಟ್ಟುಕೊಂಡು ಸದ್ದು ಮಾತ್ರ ತಗ್ಗಿಸುವುದು ಒಂದೆರಡು ದಿನದಲ್ಲಿ ಬರುವ ವಿದ್ಯೆಯಲ್ಲ. ಆಮೇಲೆ ಕೈ. ರಂಗದ ಮೇಲೆ ಭುಜದಿಂದ ಏಳುವ ಕೈ ಎದೆಮಟ್ಟದ ಶಾಟ್‌ನಲ್ಲಿ ಅರ್ಧ ಚೌಕಟ್ಟಿನಾಚೆ ಹೋಗಿ, ಉಳಿದರ್ಧ ಮುಖಕ್ಕೆ ಅಡ್ಡ ಬರುತ್ತದೆ. ಇದೆಲ್ಲಕ್ಕಿಂತ ಕಷ್ಟದ್ದು ಕಂಟಿನ್ಯುಟಿ, ಅಂದರೆ ಒಂದು ಶಾಟ್‌ನ ಚಲನೆ ಇನ್ನೊಂದರಲ್ಲೂ ಹೊಂದುವುದು. ಇಡೀ ದೃಶ್ಯವನ್ನು ಒಟ್ಟಾಗಿ ಹಿಡಿಯುವ ಮಾಸ್ಟರ್ ಶಾಟ್‌ನಲ್ಲಿ ಯಾವ ಮಾತಿಗೆ ಲೋಟ ಎತ್ತಿದ್ದರೋ ಕ್ಲೋಸಪ್‌ನಲ್ಲೂ ಅದೇ ಮಾತಿಗೆ, ಅದೇ ಕೈಯಲ್ಲಿ ಎತ್ತಬೇಕು. ತಪ್ಪಿದರೆ ಎಡಿಟರ್ ಆ ಕ್ಲೋಸಪ್ ಬಿಟ್ಟು ಎದುರಿನವರ ಮುಖ ಹಾಕಿಬಿಡುತ್ತಾರೆ. ಒಳ್ಳೊಳ್ಳೆಯ ರಂಗನಟರ ಒಳ್ಳೊಳ್ಳೆಯ ಗಳಿಗೆಗಳು ಕತ್ತರಿಗೆ ಬೀಳುವುದು ಹೀಗೆ.

ಇರ್ಫಾನ್ ದೆಹಲಿಯ ಆ ಶಾಲೆ ಸೇರಿದ್ದು 1984ರಲ್ಲಿ. ನಮ್ಮ ಬಿ.ವಿ. ಕಾರಂತರು ಅಲ್ಲಿನ ನಿರ್ದೇಶಕ ಹುದ್ದೆ ಬಿಟ್ಟು ಆಗ ಮೂರು ವರ್ಷವಾಗಿತ್ತು. ಓದುತ್ತಿದ್ದಾಗಲೇ ನಿರ್ದೇಶಕಿ ಮೀರಾ ನಾಯರ್ ತಮ್ಮ ‘ಸಲಾಮ್ ಬಾಂಬೆ’ ಸಿನಿಮಾಕ್ಕೆ ಇರ್ಫಾನ್‌ರನ್ನು ಆರಿಸಿದರು. ಆದರೆ ಆರಡಿ ಮೀರಿದ ಆಳು, ಬೀದಿಯ ಬಡಕಲು ಹುಡುಗರ ಪಕ್ಕದಲ್ಲಿ ಹೊಂದಲಿಲ್ಲ. ದೊಡ್ಡ ಪಾತ್ರ ಕೈತಪ್ಪಿ, ಪತ್ರ ಬರೆದುಕೊಡುವವನ ಪುಟ್ಟ ಪಾತ್ರ ಉಳಿಯಿತು. ಪೋಷಕ ನಟರ ಬದುಕಿನಲ್ಲಿ ಇದು ಮಾಮೂಲು: ಎತ್ತರ, ಮೈಕಟ್ಟು, ಎದುರಿಗೆ ನಿಲ್ಲುವವರು ಯಾರು, ಇಷ್ಟರಲ್ಲೇ ಪಾತ್ರ ನಿರ್ಧಾರವಾಗಿಬಿಡುತ್ತದೆ.

ಆಮೇಲಿನದು ದೂರದರ್ಶನ. ಶ್ಯಾಮ್ ಬೆನಗಲ್ಲರ ‘ಭಾರತ್ ಏಕ್ ಖೋಜ್’, 1991ರಲ್ಲಿ ಶುರುವಾದ ಚಂದ್ರಪ್ರಕಾಶ್ ದ್ವಿವೇದಿಯವರ ‘ಚಾಣಕ್ಯ’ದಲ್ಲಿ ಮಗಧದ ಸೇನಾಪತಿ ಭದ್ರಶಾಲ, ‘ದಿ ಗ್ರೇಟ್ ಮರಾಠಾ’ದಲ್ಲಿ ರೋಹಿಲ್ಲಾ ಸರದಾರ ನಜೀಬುದ್ದೌಲಾ. ಇಂಥ ಐತಿಹಾಸಿಕ ಧಾರಾವಾಹಿಗಳ ವೇಷಭೂಷಣ ನಟನಿಗೆ ಕಟ್ಟು ಹಾಕಿದಂತೆ. ಕವಚ ತೊಟ್ಟರೆ ಸೊಂಟ ತಿರುಗದು, ಶಿರಸ್ತ್ರಾಣ ಹಣೆ ಮುಚ್ಚುತ್ತದೆ, ಅಂಟಿಸಿದ ಮೀಸೆ ಗಡ್ಡ ಬೆವರಿಗೆ ಸಡಿಲವಾಗುವುದರಿಂದ ತುಟಿ ಅಗಲಿಸಲೂ ಹೆದರಿಕೆ. ಕೊನೆಗೆ ಉಳಿಯುವುದು ಕಣ್ಣು ಮತ್ತು ದನಿ. ದರ್ಬಾರು ದೃಶ್ಯಗಳಲ್ಲಿ ಇನ್ನೂ ಒಂದಿದೆ: ಹತ್ತು ಜನ ನಿಂತಿರುತ್ತಾರೆ, ಮಾತು ಇಬ್ಬರಿಗೆ. ಸೇನಾಪತಿಯಾದವನು ಸುಮ್ಮನೆ ನಿಂತು ಕೇಳಬೇಕು. ಕೇಳುವಂತೆ ನಟಿಸಿದರೆ ಹುಬ್ಬು ಕುಣಿಯುತ್ತದೆ. ನಿಜವಾಗಿ ಕೇಳಿದರೆ ಕ್ಯಾಮೆರಾ ತಾನಾಗಿ ಹುಡುಕಿಕೊಂಡು ಬರುತ್ತದೆ. ಇರ್ಫಾನ್‌ರ ಕೇಳುವಿಕೆಯನ್ನು ಮುಂದೆ ಜಗತ್ತೇ ಹೊಗಳಿತು. ಅದರ ಗರಡಿ ಇದು.

‘ಚಂದ್ರಕಾಂತಾ’ ನೋಡಿದವರಿಗೆ ಬದ್ರಿನಾಥ ಮತ್ತು ಸೋಮನಾಥ, ಈ ಅವಳಿಗಳು ನೆನಪಿರಬೇಕು. ಎರಡೂ ಇರ್ಫಾನ್. ಆ ಕಾಲದಲ್ಲಿ ಜೋಡಿ ಪಾತ್ರವೆಂದರೆ ಸಾಮಾನ್ಯವಾಗಿ ಕ್ಯಾಮೆರಾವನ್ನು ಅಲುಗಾಡದಂತೆ ಬಿಗಿದು, ಚೌಕಟ್ಟಿನ ಒಂದೊಂದು ಭಾಗವನ್ನು ಬೇರೆಬೇರೆಯಾಗಿ ಚಿತ್ರಿಸುವುದು. ಇಲ್ಲವೇ ಬೆನ್ನು ತೋರಿಸಲು ಬೇರೊಬ್ಬರನ್ನು ನಿಲ್ಲಿಸುವುದು. ನಟ ಖಾಲಿ ಜಾಗದತ್ತ ನೋಡಿ ಮಾತಾಡಬೇಕು, ಇನ್ನೊಬ್ಬನ ಉತ್ತರಕ್ಕೆ ಸರಿಯಾಗಿ ಅಷ್ಟೇ ಹೊತ್ತು ಬಿಡಬೇಕು. ಕಣ್ಣಿನ ನೋಟ ನಾಲ್ಕು ಬೆರಳು ಆಚೀಚೆಯಾದರೂ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿಲ್ಲವೆಂದು ವೀಕ್ಷಕರಿಗೆ ಗೊತ್ತಾಗುತ್ತದೆ.

ಭಾಷೆಯ ಮಾತು ಬಿಡುವಂತಿಲ್ಲ. ‘ಚಾಣಕ್ಯ’ದ್ದು ಸಂಸ್ಕೃತ ತುಂಬಿದ ಹಿಂದಿ. ಉರ್ದು ಕವಿಗಳ ಬಗೆಗಿನ ‘ಕಹಕಶಾಂ’ದಲ್ಲಿ ಅವರು ಹೈದರಾಬಾದಿನ ಕ್ರಾಂತಿಕಾರಿ ಕವಿ ಮಖ್ದೂಮ್ ಮೊಹಿಯುದ್ದೀನ್. ನಿಜಾಮರ ಕಾಲದ ನೆನಪುಳ್ಳ ಕಲಬುರಗಿ, ಬೀದರಿನ ಮನೆಗಳಿಗೆ ಈ ಹೆಸರು ಹೊಸದಲ್ಲ. ರಷ್ಯನ್ ನಾಟಕವೊಂದರಿಂದ ಬಂದ ‘ಲಾಲ್ ಘಾಸ್ ಪರ್ ನೀಲೇ ಘೋಡೆ’ಯಲ್ಲಿ ಲೆನಿನ್. ಝೀ ಟಿವಿಯ ‘ಬನೇಗಿ ಅಪ್ನಿ ಬಾತ್’ನಲ್ಲಿ ಆಡುಮಾತು, ಅದಕ್ಕೆ ಬರೆದವರಲ್ಲಿ ಅವರ ಸಹಪಾಠಿ ಮತ್ತು ಪತ್ನಿ ಸುತಪಾ ಸಿಕ್ದರ್ ಒಬ್ಬರು. ನಾಲಿಗೆಗೆ ಇಷ್ಟು ಬಗೆಯ ಸಾಣೆ ಸಿನಿಮಾ ಕೊಡುತ್ತಿರಲಿಲ್ಲ.

ಸೀರಿಯಲ್ ಕೆಡಿಸುತ್ತದೆ ಎನ್ನುವವರ ಮಾತಿನಲ್ಲಿ ಸತ್ಯವಿಲ್ಲವೆಂದಲ್ಲ. ಒಂದೇ ಪ್ರತಿಕ್ರಿಯೆಯನ್ನು ಮೂರು ಸಲ ಝೂಮ್ ಮಾಡಿ ತೋರಿಸುವ ಪದ್ಧತಿಗೆ ಒಗ್ಗಿದ ನಟ, ಕಟ್ ಹೇಳುವವರೆಗೂ ಅದೇ ಮುಖ ಹಿಡಿದು ನಿಲ್ಲುತ್ತಾನೆ. ಯೋಚನೆ ನಿಂತಿರುತ್ತದೆ, ಮುಖ ಮಾತ್ರ ಉಳಿದಿರುತ್ತದೆ. ಇರ್ಫಾನ್ ಕೂಡ ಆ ವರ್ಷಗಳಲ್ಲಿ ಬೇಸತ್ತು ನಟನೆಯನ್ನೇ ಬಿಡುವ ಯೋಚನೆ ಮಾಡಿದ್ದರು. ಈಗ ನೀನಾಸಮ್, ರಂಗಾಯಣಗಳಿಂದ ಬಂದು ದಿನಕ್ಕೊಂದು ಕಂತು ಮುಗಿಸುವ ಕನ್ನಡ ಧಾರಾವಾಹಿಗಳಲ್ಲಿ ದುಡಿಯುತ್ತಿರುವವರಿಗೆ ಈ ಅಪಾಯ ಇನ್ನೂ ಹತ್ತಿರದ್ದು.

2001ರಲ್ಲಿ ನಿರ್ದೇಶಕ ಆಸಿಫ್ ಕಪಾಡಿಯಾ ಇರ್ಫಾನ್‌ರನ್ನಿಟ್ಟು ‘ದಿ ವಾರಿಯರ್’ ಸಿನಿಮಾ ಮಾಡಿದರು. ಮತ್ತೆ ಕತ್ತಿ ಹಿಡಿದವನ ಪಾತ್ರ, ಈ ಸಲ ನಾಯಕ, ಮಾತು ಬಹಳ ಕಡಿಮೆ. ‘ಚಾಣಕ್ಯ’ದ ಒಂದು ದರ್ಬಾರು ದೃಶ್ಯ ನೋಡಿ, ಅದೇ ಸಂಜೆ ಇದರ ಮೊದಲ ಅರ್ಧ ಗಂಟೆ ನೋಡಿ. ಮಾತಿಲ್ಲದಾಗ ಅವರ ಕಣ್ಣು ಎಲ್ಲಿರುತ್ತದೆ, ಅದನ್ನಷ್ಟೇ ಗಮನಿಸಿ.